ಬಯಕೆಯ ಮೀನು

ಮಾರ್ಗಶಿರದ ಚಳಿಯಲ್ಲಿ ಬಸುರಿಗೆ ಮೀನಿನ ಬಯಕೆ ಬರಬಾರದು. ಬಂದರೂ ಅವಳ ಅಪ್ಪ ಅಂಬಿಗನಾಗಿರಬಾರದು. "ಹೊಳಿ ನಿನ್ನ ಮನಿ ಮುಂದನ ಐತೆಲ್ಲೋ ಹೊಳೆಯಪ್ಪ, ನಿನಗ ಮೀನಿಗೇನ ಬರ?" ಎಂದು ಊರೆಲ್ಲ ನಗುತ್ತದೆ. ನಗುವವರು ಬಂದು ನಸುಕಿನಲ್ಲಿ ಒಂದು ಸಲ ಆ ನೀರಿಗೆ ಕಾಲಿಟ್ಟು ನೋಡಲಿ, ಆಮೇಲೆ ಮಾತಾಡೋಣ.

ನನ್ನ ಮಗಳು ಉಡಚವ್ವನನ್ನು ಕೊಟ್ಟದ್ದು ತುಂಗಭದ್ರೆಯ ಆಚೆ ದಡದ ಊರಿಗೆ. ಅವಳಿಗೆ ಏಳು ತಿಂಗಳಾಗಿತ್ತು, ಬುಧವಾರ ಕುಬಸ. ಬಸುರಿ ಬಯಸಿದ್ದನ್ನು ಅವತ್ತು ತವರಿನವರು ಹೊತ್ತುಕೊಂಡು ಹೋಗಿ ಉಣ್ಣಿಸಬೇಕು, ಆಮೇಲೆ ಹೆರಿಗೆಗೆ ಕರೆದುಕೊಂಡು ಬರಬೇಕು. ಚೊಚ್ಚಲು ಬೇರೆ. ಹೆಂಡತಿ ಹನಮಂತವ್ವ ಆಗಲೇ ಒಳಕೋಣೆ ಸಾರಿಸಿ, ಹೊರಸು ಹಾಕಿ, ಕೌದಿಗಳನ್ನು ಬಿಸಿಲಿಗೆ ಹರವಿದ್ದಳು. ಮಗಳು ಹೇಳಿ ಕಳಿಸಿದ್ದು ಇಷ್ಟೇ: "ಅವ್ವನ ಕೈಯಾಗಿನ ಮೀನಿನ ಸಾರು."

ಮೂರು ದಿನ ಬಲೆ ಬೀಸಿದೆ. ಚಳಿಗೆ ಮೀನೆಲ್ಲ ಆಳಕ್ಕಿಳಿದು ಕೂತಿದ್ದವು. ಒಂದು ಹಾವುಮೀನು, ಎರಡು ಏಡಿ, ಮತ್ತೆ ಐದು ಜಿಲೇಬಿ ಮೀನು, ಇಷ್ಟೇ ನನ್ನ ಗಳಿಕೆ. ಈ ಜಿಲೇಬಿ ನಮ್ಮ ಹಿರಿಯರು ಕಂಡ ಮೀನಲ್ಲ. ಯಾವುದೋ ದೇಶದಿಂದ ತರಿಸಿ ಸರಕಾರದವರು ಕೆರೆಗೆ ಬಿಟ್ಟರಂತೆ, ಕೋಡಿ ಹರಿದಾಗ ಹಳ್ಳ ಹಿಡಿದು ಹೊಳೆಗೆ ಇಳಿಯಿತಂತೆ. ಬೇಸಗೆಯಲ್ಲಿ ಅದರ ಜಿಗಿದಾಟ ನೋಡಬೇಕು. ಚಳಿ ಬಿತ್ತೋ, ಮರಗಟ್ಟಿ ಅಂಗೈಯಲ್ಲೇ ಬಿದ್ದುಕೊಳ್ಳುತ್ತದೆ.

"ಇವನ್ನ ಒಯ್ಯೋಣ್ರಿ. ಮೀನ ಅಂದ್ರ ಮೀನ," ಎಂದಳು ಹನಮಂತವ್ವ.

"ಮಗಳ ಕುಬಸಕ್ಕ ಈ ಬೆರಕಿ ಮೀನ ಒಯ್ಯಲೇನ? ಬೀಗರು ಮಾರಿ ಮ್ಯಾಲೆ ಉಗುಳ್ತಾರ!" ಎಂದು ಐದನ್ನೂ ಹೊಳೆಗೆ ಒಗೆದೆ.

ಒಳ್ಳೆಯ ಮೀನು ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಆಚೆ ದಡದ ಬಂಡೆಗಳ ಕೆಳಗೆ ಆನೆ ಮುಳುಗುವಷ್ಟು ಆಳದ ಮಡು ಇದೆ. ಎಂಥ ಚಳಿಯಲ್ಲೂ ಅಲ್ಲಿ ಬಾಳೆ ಮೀನು ಸಿಗುತ್ತದೆ. ಆದರೆ ಇಲ್ಲಿಯವರೆಗೆ ನಾವು ಮುಂಬಯಿ ಸರಕಾರದವರು, ಆಚೆ ದಡದವರು ಮೊದಲು ಮದ್ರಾಸಿನವರು, ಆಮೇಲೆ ಮೈಸೂರಿನವರು. ನಡುಹೊಳೆ ದಾಟಿ ಬಲೆ ಬೀಸಿದರೆ ಬಲೆಯನ್ನೇ ಕಸಿದುಕೊಳ್ಳುತ್ತಿದ್ದರು. ಈ ನವೆಂಬರಿನಲ್ಲಿ ರಾಜ್ಯ ಒಂದಾಯಿತು. ಮುಂಡರಗಿಯಲ್ಲಿ ಪೇಢೆ ಹಂಚಿದರು, ನಾನೂ ಎರಡು ತಿಂದೆ. ಒಂದೇ ರಾಜ್ಯ ಅಂದಮೇಲೆ ಒಂದೇ ಹೊಳೆ ತಾನೆ? ಮಂಗಳವಾರ ಸಂಜೆ ಹೋಗಿ ಮಡುವಿಗೆ ಬಲೆ ಇಳಿಸಿದೆ. ಬಂತು ನೋಡಿ, ತೋಳುದ್ದದ ಬಾಳೆ ಮೀನು! ಎಲ್ಲಿ ಹಿಡಿದಿರಿ ಎಂದು ಹೆಂಡತಿ ಕೇಳಲಿಲ್ಲ. ಹೊಳೆಯ ಗಂಗವ್ವನಿಗೆ ಕೈಮುಗಿದು ಸಾರಿಗೆ ಮಸಾಲೆ ಅರೆಯಲು ಕೂತಳು.

ಮರುದಿನ ಮಗಳಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಅವಳ ಅತ್ತೆ ಮುತ್ತವ್ವ ಮಡಕೆಯ ಮುಚ್ಚಳ ತೆಗೆದಳು.

"ಯವ್ವಾ, ಎಂಥಾ ಮೀನ! ಈ ಥಂಡ್ಯಾಗ ಎಲ್ಲಿ ಸಿಕ್ತರಿ ಬೀಗರ?"

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ಮೀಸೆ ತಿರುವಿ, "ನಿಮ್ಮ ಮಡುವಿನಾಗ ಹಿಡದೇನ್ರಿ! ಈಗೇನ, ಎಲ್ಲಾ ಒಂದ ರಾಜ್ಯ ಆಗೇತೆಲ್ಲ," ಎಂದೆ.

ಮುತ್ತವ್ವ ಮುಚ್ಚಳ ಮುಚ್ಚಿದಳು.

"ನಮ್ಮ ಮಡುವಿನ ಮೀನ ನಮ್ಮ ಸೊಸಿಗೆ ಉಣಸಾಕ ನಾವ ಇದ್ದೀವಲ್ಲರಿ. ತವರಿಂದ ಏನ ತಂದ್ರಿ ನೀವು?"

"ರಾಜ್ಯ ಒಂದ..."

"ರಾಜ್ಯ ಒಂದಾದ್ರ ಆಗ್ಲಿ ಬಿಡ್ರಿ. ತವರು, ಗಂಡನ ಮನಿ ಒಂದಾಗತಾವೇನು? ನಿಮ್ಮ ನೀರಿನ ಮೀನ ತರ್ರಿ, ಅವತ್ತ ಕರಕೊಂಡ ಹೋಗ್ರಿ. ತವರಿನ ಬಯಕಿ ತೀರದ ಬಸುರಿನ್ನ ಹೊಳಿ ದಾಟಸಾಕ ನನಗ ಧೈರ್ಯ ಇಲ್ಲ."

ನನಗೆ ಉರಿದುಹೋಯಿತು. ಯಾರ ಮೇಲೆ ಉರಿಯಲಿ? ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹನಮಂತವ್ವ ನನ್ನನ್ನು ನೋಡಿದ ನೋಟಕ್ಕೆ ಅಲ್ಲೇ ನೆಲ ಬಾಯಿಬಿಡಬಾರದೆ ಅನಿಸಿತು. ಉಡಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು:

"ಅಪ್ಪಾ, ನಾ ಬಾಳಿ ಮೀನ ಬೇಕಂತ ಹೇಳಿದ್ನೇನ?"

ಮೂವರು ಬರಬೇಕಾಗಿದ್ದ ಹರಿಗೋಲಿನಲ್ಲಿ ಇಬ್ಬರೇ ಮರಳಿದೆವು. ಹನಮಂತವ್ವ ಸಾರಿನ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ತಡೆಯಲಾರದೆ ಬಲೆ ಎತ್ತಿಕೊಂಡೆ.

"ಇಲ್ಲಿ ಒಗೀಲೇನ?"

"ಬ್ಯಾಡ. ಇದು ಅವರ ನೀರು."

ಇನ್ನಷ್ಟು ಹುಟ್ಟು ಹಾಕಿದೆ. "ಇಲ್ಲಿ?"

ಅವಳು ಹಿಂದೆ ತಿರುಗಿ ಆಚೆ ದಡ ನೋಡಿದಳು, ಮುಂದೆ ನಮ್ಮ ದಡ ನೋಡಿದಳು. ನೀರು ಎರಡೂ ಕಡೆ ಒಂದೇ ಬಣ್ಣದ್ದಾಗಿತ್ತು. ಅವಳ ಕಣ್ಣು ತುಂಬಿ ಬಂದವು.

"ಇನ್ನೂ ಸ್ವಲ್ಪ ಮುಂದ ಹೋಗ್ರಿ," ಎಂದಳು. "ಈ ಸಲ ತಪ್ಪಬಾರದು."