ಬಾಗಿಲಿಗೊಬ್ಬ ಪೊಲೀಸ್

ನಮ್ಮ ಸ್ಯಾನ್ ಆಂಟೋನಿಯೋದಲ್ಲಿ ಹುಡುಗಿಗೆ ಹದಿನೈದು ತುಂಬಿದ ಹಬ್ಬಕ್ಕೆ ಪಾದ್ರಿಯಷ್ಟೇ ಪೊಲೀಸೂ ಬೇಕು. ಪಾದ್ರಿ ತಡವಾದರೆ ಕಾಯುತ್ತಾರೆ. ಬಾಗಿಲಲ್ಲಿ ಪೊಲೀಸ್ ನಿಲ್ಲದಿದ್ದರೆ ಪಾರ್ಟಿ ಹಾಲ್‌ನವರು ಬಿಯರ್ ತೆರೆಯುವುದಿಲ್ಲ, ಬ್ಯಾಂಡಿನವರನ್ನು ಊದಲೂ ಬಿಡುವುದಿಲ್ಲ. ರಜೆಯ ದಿನ ಸಮವಸ್ತ್ರ ತೊಟ್ಟು ಹೀಗೆ ಬಾಗಿಲು ಕಾಯುವುದು ನಮ್ಮೆಲ್ಲರ ಎರಡನೇ ಕಸುಬು. ವಾರವಿಡೀ ಕಳ್ಳರ ಹಿಂದೆ ಓಡಿದವರು ಶನಿವಾರ ಕುಡಿದ ಸೋದರಮಾವಂದಿರನ್ನು ಟ್ಯಾಕ್ಸಿ ಹತ್ತಿಸುತ್ತೇವೆ.

ನನ್ನ ಜೊತೆಗಾರ ಬಾಲ್ಡೆರಾಸ್ ಇದರಲ್ಲಿ ಪಳಗಿದ ಕೈ. ಊರಿನ ಅಪ್ಪಂದಿರೆಲ್ಲ ಮಗಳ ಜೊತೆ ಕುಣಿದದ್ದನ್ನು ಕಂಡವನು, ತನ್ನ ಮಗಳ ಹುಟ್ಟುಹಬ್ಬಕ್ಕೆ ಒಮ್ಮೆಯೂ ಮನೆಯಲ್ಲಿರಲಿಲ್ಲ. ಅದಕ್ಕೇ ಮಗಳು ಯಾರೆತ್ಸಿ ತನ್ನ ಹದಿನೈದಕ್ಕೆ ಒಂದೇ ಷರತ್ತು ಹಾಕಿದ್ದಳು: "ಅವತ್ತೊಂದಿನ ಪೊಲೀಸಾಗಿ ಬರ್ಬೇಡಪ್ಪ. ಅಪ್ಪನಾಗಿ ಬಾ."

ಅವನು ಬಾಡಿಗೆ ಸೂಟು ತಂದ. ಬಾಗಿಲಿಗೆ ನನ್ನನ್ನು ಗೊತ್ತುಮಾಡಿದ.

ನಾನೆಂಥ ಮುಠ್ಠಾಳನೆಂದರೆ, ಅದೇ ಮಧ್ಯಾಹ್ನಕ್ಕೆ ಒಂದು ದಿನಸಿ ಅಂಗಡಿಯ ಕಾವಲನ್ನೂ ಒಪ್ಪಿಕೊಂಡಿದ್ದೆ. ಒಬ್ಬನೇ ಎರಡು ಕಡೆ ನಿಲ್ಲಬಹುದೆಂದು ನಮ್ಮ ಠಾಣೆಯಲ್ಲಿ ಅರ್ಧ ಜನ ನಂಬಿದ್ದಾರೆ. ನಾನು ಹೊರಡುವ ಹೊತ್ತಿಗೆ ಸರಿಯಾಗಿ ಒಬ್ಬಳು ಅಜ್ಜಿ ಲಂಗದೊಳಗೆ ಇಡೀ ಹಂದಿ ತೊಡೆ ಬಚ್ಚಿಟ್ಟು ಸಿಕ್ಕಿಬಿದ್ದಳು. ಅವಳ ಶಾಪ ಕೇಳಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಹೋಯಿತು.

ಪಾರ್ಟಿ ಹಾಲ್‌ಗೆ ಓಡಿದರೆ ಬಾಗಿಲಲ್ಲಿ ಬಾಲ್ಡೆರಾಸನೇ ನಿಂತಿದ್ದ, ಸಮವಸ್ತ್ರದಲ್ಲಿ. ಹಾಲ್‌ನ ಒಡತಿ ಒಬ್ದೂಲಿಯಾ ಪೊಲೀಸಿಲ್ಲದೆ ಬ್ಯಾಂಡಿಲ್ಲ ಎಂದು ಪಟ್ಟು ಹಿಡಿದಿದ್ದಳಂತೆ. ಅವನು ಕಾರಿನಲ್ಲಿದ್ದ ಸಮವಸ್ತ್ರ ತೊಟ್ಟು ಸೂಟನ್ನು ಕಾರಿಗೆಸೆದಿದ್ದ. ಅದೇ ಕಾರಿನಲ್ಲಿ ಅವನ ಭಾವಮೈದ ಐಸ್ ತರಲು ಹೋಗಿದ್ದ.

"ಬಂದ್ಯಾ ದರಿದ್ರದವ್ನೇ! ಮಗಳು ನನ್ ಮುಖ ಕೂಡ ನೋಡ್ತಿಲ್ಲ."

"ನಾನಿದೀನಲ್ಲ, ನೀ ಒಳಗೆ ಹೋಗು."

"ಈ ವೇಷದಲ್ಲಾ?"

ಅಷ್ಟರಲ್ಲಿ ಬ್ಯಾಂಡು ಶುರುವಾಯಿತು. ಅಪ್ಪನಾದವನು ಮಂಡಿಯೂರಿ ಮಗಳ ಕಾಲಿಗೆ ಮೊದಲ ಎತ್ತರದ ಹಿಮ್ಮಡಿಯ ಚಪ್ಪಲಿ ತೊಡಿಸುವ ಹೊತ್ತು. ಕುರ್ಚಿಯಲ್ಲಿ ಕೂತಿದ್ದ ಯಾರೆತ್ಸಿ ಬಾಗಿಲ ಕಡೆ ನೋಡದೆ, "ತಾತ, ನೀನೇ ಹಾಕು," ಎಂದಳು.

ಬಾಲ್ಡೆರಾಸ್ ಸೊಂಟದ ಬೆಲ್ಟು ಬಿಚ್ಚಿ ಪಿಸ್ತೂಲು ಸಮೇತ ನನ್ನ ಕೈಗಿಟ್ಟ. ಬ್ಯಾಡ್ಜ್ ಸಮೇತ ಅಂಗಿ ಕಳಚಿ ಇನ್ನೊಂದು ಕೈಗೆ ತುರುಕಿದ. ಕಂಕುಳಲ್ಲಿ ತೂತು ಬಿದ್ದ ಬನಿಯನ್ನಿನಲ್ಲಿ, ಹೊಟ್ಟೆ ಮುಂದೆ ಮಾಡಿಕೊಂಡು, ಇನ್ನೂರು ಜನರ ನಡುವೆ ನಡೆದು ಮಗಳೆದುರು ಮಂಡಿಯೂರಿದ.

"ಅಪ್ಪಾ! ಬನಿಯನ್ನಲ್ಲಿ ಬಂದಿದೀಯಲ್ಲಾ!"

"ಪೊಲೀಸಾಗಿ ಬರ್ಬೇಡ ಅಂದಿದ್ಯಲ್ಲ ತಾಯಿ."

ಹುಡುಗಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಕಾಲು ಮುಂದೆ ಚಾಚಿದಳು.

ಇಬ್ಬರೂ ಕುಣಿದರು. ಹಾಳು ಅಭ್ಯಾಸಕ್ಕೆ ಬಾಲ್ಡೆರಾಸ್ ಕುಣಿಯುತ್ತಲೂ ಬಾಗಿಲ ಕಡೆಗೇ ನೋಡುತ್ತಿದ್ದ. ಯಾರೆತ್ಸಿ ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ನನಗೆ ಅಳು ಬಂತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಅವನ ಪಿಸ್ತೂಲು, ಇನ್ನೊಂದರಲ್ಲಿ ಅಂಗಿ.

"ಅಳೋದು ಆಮೇಲೆ ಸಾರ್," ಎಂದಳು ಒಬ್ದೂಲಿಯಾ. "ಬಾಗಿಲು ನೋಡಿ."