ನಾಲ್ಕುನೂರ ಹನ್ನೆರಡನೆಯ ಪ್ಯಾಕೇಜು

ಮತ್ತೆ ನಾಲ್ಕುನೂರ ಹನ್ನೆರಡಕ್ಕೇ ಬಂದು ನಿಂತಿತು. ತ್ರಿವೇಣಿ ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. ಗುರುವಾರ ಎರಡು ಸಲ, ಶುಕ್ರವಾರ ಮೂರು ಸಲ ಮೊದಲಿನಿಂದ ಶುರು ಮಾಡಿದ್ದಳು. ಲಿನಕ್ಸ್ ಎಂಬ ಆ ಮಹಾರಾಯ ಪ್ರತಿ ಸಲವೂ ಸೀಡಿಯಲ್ಲಿದ್ದ ತನ್ನ ಆರುನೂರ ಎಂಬತ್ತು ಪ್ಯಾಕೇಜುಗಳಲ್ಲಿ ನಾಲ್ಕುನೂರ ಹನ್ನೊಂದನ್ನು ಗಪ್‌ಚುಪ್ ಇಳಿಸಿಕೊಂಡು, ಮುಂದಿನದಕ್ಕೆ ಮೊಂಡು ಕತ್ತೆಯ ಹಾಗೆ ಕಾಲೂರಿ ನಿಂತುಬಿಡುತ್ತಿದ್ದ. ಇಂದು ಶನಿವಾರ, ಆರನೆಯ ಸಲ. ಹನ್ನೊಂದು ಗಂಟೆಗೆ ಖಾನಾಪುರದವರು ನೋಡಲು ಬರುವವರಿದ್ದರು.

ಬೆಳಗಾವಿಯ ಮಹಾಂತೇಶ ನಗರದಲ್ಲಿ ದುಂಡಪ್ಪನವರದೊಂದು ಕಂಪ್ಯೂಟರ್ ಕ್ಲಾಸು; ಕೆಳಗೆ ಕ್ಲಾಸು, ಮೇಲೆ ಮನೆ. ತ್ರಿವೇಣಿ ಅಲ್ಲಿ ಕಲಿಸಲು ಬಂದು ನಾಲ್ಕು ವರ್ಷವಾಗಿತ್ತು. ಅವಳ ಊರು ಖಾನಾಪುರದಿಂದ ಎರಡು ಮೈಲಿ ಆಚೆ. ಅಪ್ಪ ಕುರಿ ಕಾಯುವವನು, ಅವ್ವ ರೇಣವ್ವ ಮನೆ-ಹೊಲ ಎರಡನ್ನೂ ನೋಡಿಕೊಳ್ಳುವವಳು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಖಾನಾಪುರಕ್ಕೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬಂದರೆ ತಿರುಗಿ ಮನೆ ಸೇರುವುದು ರಾತ್ರಿ ಎಂಟಕ್ಕೆ. ಹೀಗೆ ನಾಲ್ಕು ವರ್ಷ! ಬಸ್ಸಿನ ಕಂಡಕ್ಟರು ಕೂಡ ಅವಳ ಮುಖ ನೋಡಿ ಬೇಸತ್ತಿರಬೇಕು.

ಈಗ ಖಾನಾಪುರದ ಹೆಣ್ಣುಮಕ್ಕಳ ಶಾಲೆಗೆ ಯಾರೋ ಪುಣ್ಯಾತ್ಮರು ಎಂಟು ಕಂಪ್ಯೂಟರ್ ಕೊಟ್ಟಿದ್ದರು. ಕಂಪ್ಯೂಟರ್ ನಡೆಸಲು ವಿಂಡೋಸೇ ಬೇಕೆಂದಿಲ್ಲ, ಲಿನಕ್ಸಿಗೆ ದುಡ್ಡು ಕೊಡಬೇಕಿಲ್ಲವಂತೆ, ಅದನ್ನೇ ಹಾಕಿಸೋಣ, ಆದರೆ ಮೊದಲು ಕಣ್ಣಾರೆ ನೋಡೋಣ ಎಂದು ಶಾಲೆಯವರು ಹೇಳಿ ಕಳುಹಿಸಿದ್ದರು. ದುಂಡಪ್ಪನವರು ತ್ರಿವೇಣಿಗೆ ಮಾತು ಕೊಟ್ಟಿದ್ದರು.

"ನೀ ಶನಿವಾರ ಚಾಲೂ ಮಾಡಿ ತೋರಿಸಿದಿ ಅಂದ್ರ ಆ ಲ್ಯಾಬ್ ನಿಂದವ್ವಾ. ನೀನ ಅಲ್ಲಿ ಟೀಚರ್. ತೋರಿಸಲಿಲ್ಲ ಅಂದ್ರ ಅವರು ಬ್ಯಾರೇ ಕ್ಲಾಸಿನವರ ಕಡೆ ಹೊಕ್ಕಾರ. ನನ್ನ ಕಡೆ ಏನೂ ಇಲ್ಲ."

ತೋರಿಸುವುದಾದರೂ ಹೇಗೆ? ಕ್ಲಾಸಿನಲ್ಲಿ ಗಟ್ಟಿಮುಟ್ಟಾದ ಕಂಪ್ಯೂಟರ್ ಒಂದೇ. ಅದರಲ್ಲಿ ಮುನ್ನೂರು ವಿದ್ಯಾರ್ಥಿಗಳ ದಾಖಲೆ ಕೂತಿತ್ತು. ಹೋದ ವರ್ಷ ಯಾರೋ ಡಿಸ್ಕು ಪಾಲು ಮಾಡಲು ಹೋಗಿ ಎಲ್ಲವನ್ನೂ ತೊಳೆದು ಹಾಕಿದ್ದರಿಂದ, ವಿಂಡೋಸಿಗೆ ಕೈ ಹಚ್ಚಿದರೆ ಕೈ ಮುರಿಯುತ್ತೇನೆಂದು ದುಂಡಪ್ಪನವರು ಸಾರಿಬಿಟ್ಟಿದ್ದರು. ಅದಕ್ಕೇ ತ್ರಿವೇಣಿ ವರ್ಚುವಲ್ ಮಷೀನಿನ ದಾರಿ ಹಿಡಿದಿದ್ದಳು. ಅಂದರೆ ಇರುವ ಕಂಪ್ಯೂಟರಿನ ಹೊಟ್ಟೆಯೊಳಗೆ, ಒಂದು ಕಿಟಕಿಯಲ್ಲಿ, ಇಲ್ಲದ ಇನ್ನೊಂದು ಕಂಪ್ಯೂಟರನ್ನು ಹುಟ್ಟಿಸುವುದು. ಅದರ ಡಿಸ್ಕು ನಿಜಕ್ಕೂ ಒಂದು ಫೈಲು, ಅದರ ಮೆಮರಿ ಇದರಿಂದಲೇ ಕಡ ತಂದದ್ದು. ಅದರೊಳಗೆ ಏನೇ ಕೆಟ್ಟರೂ ಹೊರಗಿನ ವಿಂಡೋಸಿಗೆ ಕೂದಲೂ ಕೊಂಕದು. ದುಂಡಪ್ಪನವರು ಇದಕ್ಕೆ ಮಾಯಾ ಮಷೀನು ಎಂದು ಹೆಸರಿಟ್ಟಿದ್ದರು.

ಮೊದಲ ದಿನವೇ ತ್ರಾಸು ಶುರುವಾಗಿತ್ತು. ಮಾಯಾ ಮಷೀನು ಸೀಡಿಯ ಕಡೆ ಕಣ್ಣೆತ್ತಿಯೂ ನೋಡದೆ ತನ್ನ ಖಾಲಿ ಡಿಸ್ಕಿನಲ್ಲೇ ಏನೋ ಹುಡುಕುತ್ತ ಕೂತಿತು. ಮಷೀನು ಏಳುವಾಗ ಯಾವುದನ್ನು ಮೊದಲು ನೋಡಬೇಕೆಂಬ ಬೂಟಿನ ಸರದಿಯಲ್ಲಿ ತ್ರಿವೇಣಿ ಸೀಡಿಯನ್ನು ಮೇಲಕ್ಕೆ ತಂದಳು. ಆಮೇಲೆ ಬಣ್ಣಬಣ್ಣದ ಪರದೆ ಬರಬೇಕಾದಲ್ಲಿ ಕಗ್ಗತ್ತಲು. ಆ ಇಲ್ಲದ ಮಷೀನಿನ ಇಲ್ಲದ ಡಿಸ್‌ಪ್ಲೇ ಕಾರ್ಡಿನ ಗುರುತು ಲಿನಕ್ಸಿಗೆ ಹತ್ತುತ್ತಿಲ್ಲವೆಂದು ಅರಿತು, ಬರೀ ಅಕ್ಷರಗಳ ನೀಲಿ ಪರದೆಯಲ್ಲಿ ಕೆಲಸ ನಡೆಸಿದಳು. ನಡುವೆ ದುಂಡಪ್ಪನವರು "ನಾನೂ ಒಂದೀಟ ನೋಡ್ತೀನಿ ತಡಿ" ಎಂದು ಕಿಟಕಿಯೊಳಗೆ ಕ್ಲಿಕ್ ಮಾಡಿದ್ದೇ ತಡ, ಮೌಸಿನ ಬಾಣ ಮಂಗಮಾಯ.

"ಅಯ್ಯಯ್ಯೋ, ನುಂಗಿತಲೇ! ಮೌಸ್ ನುಂಗಿತು!"

"ಏನೂ ಆಗಿಲ್ಲ ಸರ್. ಅದು ಒಳಗಿನ ಮಷೀನಿಗೆ ಹೋಗೇತಿ. ಈ ಎರಡು ಗುಂಡಿ ಕೂಡೇ ಒತ್ತಿದ್ರ ಹೊರಗ ಬರತೈತಿ, ನೋಡ್ರಿ."

ಬಾಣ ಹೊರಬಂತು. ದುಂಡಪ್ಪನವರು ಆಮೇಲೆ ಆ ಮೇಜಿನಿಂದ ಒಂದು ಮಾರು ದೂರವೇ ನಿಂತು ಸಲಹೆ ಕೊಡತೊಡಗಿದರು.

ಅದೆಲ್ಲ ದಾಟಿಬಂದ ಮೇಲೆ ಈ ನಾಲ್ಕುನೂರ ಹನ್ನೆರಡು. ತ್ರಿವೇಣಿ ಮಾಯಾ ಮಷೀನಿಗೆ ಮೆಮರಿ ಹೆಚ್ಚು ಕೊಟ್ಟು ನೋಡಿದಳು, ಕಡಿಮೆ ಮಾಡಿ ನೋಡಿದಳು. ಅದರ ಡಿಸ್ಕನ್ನು ಅಳಿಸಿ ಹೊಸದು ಮಾಡಿದಳು. ಸಿಟ್ಟು ಬಂದು ಆ ಒಂದು ಪ್ಯಾಕೇಜು ಬೇಡವೇ ಬೇಡವೆಂದು ಪಟ್ಟಿಯಿಂದ ತೆಗೆದಳು. ಆಗ ಅದರ ಮುಂದಿನದಕ್ಕೆ ನಿಂತಿತು. ಪರದೆಯ ಮೇಲೆ ಒಂದೇ ಸಂದೇಶ: ಫೈಲು ಇಲ್ಲ, ಇಲ್ಲವೇ ಪ್ಯಾಕೇಜು ಕೆಟ್ಟಿದೆ, ಇಲ್ಲವೇ ಸೀಡಿ ಕೆಟ್ಟಿದೆ, ಮತ್ತೆ ಪ್ರಯತ್ನಿಸಲು ಎಂಟರ್ ಒತ್ತಿ. ಸೀಡಿ ಕೆಟ್ಟಿರುವುದು ಸಾಧ್ಯವೇ ಇಲ್ಲ ಎಂದು ಅವಳ ನಂಬಿಕೆ. ಬುಧವಾರ ಸಂಜೆ ಹೊಸದಾಗಿ ಕೊಂಡದ್ದು, ಮನೆಗೆ ಒಯ್ದು ಮರುದಿನ ತಂದದ್ದು. ನಾಲ್ಕುನೂರ ಹನ್ನೊಂದನ್ನು ಚೊಕ್ಕಟವಾಗಿ ಓದಿದ ಸೀಡಿ ಕೆಡುವುದೆಂದರೇನು?

ಖಾನಾಪುರದವರು ಹತ್ತೂವರೆಗೇ ಬಂದುಬಿಟ್ಟರು. ಶಾಲೆಯ ಕಮಿಟಿಯ ಅಧ್ಯಕ್ಷ ಬಾಳಾಸಾಹೇಬರು, ಹೆಡ್‌ಮಿಸ್ಟ್ರೆಸ್ ಗಂಗಾದೇವಿಯವರು. ಬಾಳಾಸಾಹೇಬರದು ಖಾನಾಪುರದಲ್ಲಿ ಹಿಟ್ಟಿನ ಗಿರಣಿ. ಮೀಸೆಯ ಅಂಚಿನಲ್ಲಿ ಇವತ್ತಿನ ಹಿಟ್ಟು ಇನ್ನೂ ಇತ್ತು.

"ಬರ್ರಿ, ಬರ್ರಿ, ಕುಂದರ್ರಿ. ಚಾ ತಗೊಳ್ರಿ ಮೊದಲ" ಎಂದು ಉಪಚರಿಸುತ್ತಲೇ ದುಂಡಪ್ಪನವರು ತ್ರಿವೇಣಿಯ ಕಿವಿಯ ಹತ್ತಿರ ಬಾಗಿದರು. "ಲಿನಕ್ಸಿನ ಪರದೆದು ಚಿತ್ರ ಅದಾವಲ್ಲ, ಒಂದನ್ನ ದೊಡ್ಡದ ಮಾಡಿ ಚಾಲೂ ಆಗೇತಿ ಅಂತ ತೋರಿಸಿಬಿಡು. ಇವರಿಗೇನ ತಿಳೀತೈತಿ?"

ಖರೇ ಹೇಳಬೇಕೆಂದರೆ ತ್ರಿವೇಣಿಗೆ ಆಸೆಯಾಯಿತು. ಒಂದು ಚಿತ್ರ, ಎರಡು ನಿಮಿಷ, ಖಾನಾಪುರ ತನ್ನದು. ಆದರೆ ನಾಳೆ ಅದೇ ಎಂಟು ಕಂಪ್ಯೂಟರಿನ ಮುಂದೆ ಇದೇ ಕೈ ಇಟ್ಟುಕೊಂಡು ನಿಲ್ಲಬೇಕಲ್ಲ! ಆಗ ಈ ಗಂಗಾದೇವಿಯವರ ಮುಖ ಹೇಗೆ ನೋಡುವುದು?

"ಇದು ನಡುವ ನಿಂತೈತ್ರಿ" ಎಂದು ಬಂದವರಿಗೇ ಹೇಳಿಬಿಟ್ಟಳು. "ಮೂರು ದಿನದಿಂದ ಇಲ್ಲೇ ನಿಲ್ಲಾಕತ್ತೈತಿ. ಯಾಕ ಅಂತ ಇನ್ನೂ ಗೊತ್ತಾಗಿಲ್ಲ. ನಿಮ್ಮ ಮುಂದನ ಹುಡುಕ್ತೀನಿ. ಬ್ಯಾಸರ ಆದ್ರ ಹೇಳ್ರಿ."

ದುಂಡಪ್ಪನವರು ಕಣ್ಣು ಮುಚ್ಚಿಕೊಂಡರು. ಬಾಳಾಸಾಹೇಬರು ಮಾತ್ರ ಚಹಾದ ಬಶಿ ಕೆಳಗಿಟ್ಟು ಕುರ್ಚಿಯನ್ನು ಮುಂದಕ್ಕೆಳೆದರು. "ಹುಡುಕು ತಂಗಿ. ನನ್ನ ಗಿರಣಿನೂ ದಿನಾ ನಿಲ್ಲತೈತಿ."

ತ್ರಿವೇಣಿ ಎಂಟರ್ ಒತ್ತಿದಳು. ಮತ್ತೆ ಅದೇ ಸಂದೇಶ. ಇನ್ನೊಮ್ಮೆ ಒತ್ತಿದಳು. ಬಾಳಾಸಾಹೇಬರು ಪರದೆ ನೋಡುತ್ತಿರಲಿಲ್ಲ. ತಲೆ ವಾಲಿಸಿ ಕಂಪ್ಯೂಟರಿನ ಡಬ್ಬಿಗೆ ಕಿವಿಗೊಟ್ಟಿದ್ದರು.

"ನೀ ಅದನ್ನ ಒತ್ತಿದಾಗೊಮ್ಮೆ ಒಳಗ ಏನೋ ಕರಕರ ಅಂತೈತಲ್ಲ. ಕಲ್ಲಿಗೆ ಕಾಳು ಸರಿಯಾಗಿ ಸಿಗಲಿಲ್ಲ ಅಂದ್ರ ನಮ್ಮಲ್ಲಿನೂ ಹಿಂಗ ಅಂತೈತಿ. ಏನದು?"

"ಸೀಡಿ ತಿರಗೂದ್ರಿ" ಎಂದಳು ತ್ರಿವೇಣಿ. ಎಂದವಳು ಹಾಗೇ ಕೂತುಬಿಟ್ಟಳು.

ಹೌದಲ್ಲ! ಮೂರು ದಿನ ಅವಳು ಜಗಳಾಡಿದ್ದು ಇಲ್ಲದ ಮೆಮರಿಯ ಜೊತೆ, ಇಲ್ಲದ ಡಿಸ್ಕಿನ ಜೊತೆ. ಮಾಯಾ ಮಷೀನಿನಲ್ಲಿ ಎಲ್ಲವೂ ಮಾಯೆಯೇ, ಸೀಡಿಯೊಂದು ಬಿಟ್ಟು. ಅದು ಮಾತ್ರ ನಿಜವಾದ ಟ್ರೇನಲ್ಲಿ ನಿಜವಾಗಿ ತಿರುಗುತ್ತಿತ್ತು. ಸೀಡಿಯನ್ನು ಓದುವುದು ನಡುವಿನಿಂದ ಅಂಚಿನ ಕಡೆಗೆ. ಒಳಗೆಲ್ಲ ಚೊಕ್ಕಟವಿದ್ದು ಅಂಚಿನಲ್ಲಿ ಏನಾದರೂ ಆಗಿದ್ದರೆ ಮೊದಲ ನಾಲ್ಕುನೂರು ಸರಾಗ ಬರುತ್ತವೆ, ಆಮೇಲೆ ಮುಗ್ಗರಿಸುತ್ತದೆ. ಇಷ್ಟು ಸರಳ ಸಂಗತಿ ಹೊಳೆಯದ ತನ್ನ ತಲೆಗೆ ಎರಡು ಬಿಗಿಯಬೇಕೆನಿಸಿತು ಅವಳಿಗೆ.

ಮಾಯಾ ಮಷೀನಿನಿಂದ ಸೀಡಿಯ ಸಂಬಂಧ ಬಿಡಿಸಿ, ಟ್ರೇ ತೆರೆದು, ಸೀಡಿಯನ್ನು ಮೇಲೆತ್ತಿ ತಿರುವಿ ನೋಡಿದಳು. ಹೊಳೆಯುವ ಬದಿಯ ಅಂಚಿನಲ್ಲಿ ಹೆಬ್ಬೆರಳಗಲದ ಹಳದಿ ಕಲೆ. ಮೂಸಿ ನೋಡಿದಳು, ಅರಿಷಿಣ. ಅವರ ಮನೆದೇವರು ಬೀರಪ್ಪ. ಅವನ ಭಂಡಾರದ ಬಣ್ಣ ಅವಳಿಗೆ ಹುಟ್ಟಿದಾರಭ್ಯ ಗೊತ್ತು.

"ಅವ್ವಾ!" ಎಂದಳು, ಅಲ್ಲಿಲ್ಲದ ಅವ್ವನಿಗೆ.

ಒರೆಸುವ ಮೊದಲು ಅದರಲ್ಲಿ ಏನೇನು ಕೂಡಿದೆ ಎಂದು ತಿಳಿಯಬೇಕಿತ್ತು. ಒಣಪುಡಿಯನ್ನು ಒತ್ತಿ ಒರೆಸಿದರೆ ಗೀರು ಬಿದ್ದು ಸೀಡಿಯೇ ಹೋಗುತ್ತದೆ. ಊರಿನಲ್ಲಿ ಅವರ ಪಕ್ಕದ ಮನೆಯ ಶಿವಲಿಂಗವ್ವನಲ್ಲಿ ಫೋನಿತ್ತು. ದುಂಡಪ್ಪನವರ ಮೇಜಿನಿಂದಲೇ ಹಚ್ಚಿದಳು. ರೇಣವ್ವ ಓಡಿಬಂದಳು. ಊರು ದೂರವಿದ್ದಷ್ಟೂ ಗಟ್ಟಿಯಾಗಿ ಕೂಗಬೇಕೆಂಬುದು ರೇಣವ್ವನ ಫೋನಿನ ಪದ್ಧತಿ, ಆದ್ದರಿಂದ ಕೋಣೆಯವರೆಲ್ಲ ಕೇಳುವಂತಾಯಿತು.

"ಯವ್ವಾ, ನನ್ನ ಚೀಲದಾಗಿನ ಸೀಡಿಗೆ ಏನರ ಹಚ್ಚಿದ್ದೇನ? ದುಂಡಗ ತಳತಳ ಹೊಳೀತೈತಲ್ಲ, ಅದಕ್ಕ?"

"ಹಚ್ಚಿನವ್ವಾ, ಭಂಡಾರ! ಹೊಸಾ ಸಾಮಾನು, ನೀನೂ ಹೊಸಾ ಕೆಲಸಕ್ಕ ಹೊಂಟಿ. ದೇವರ ಮುಂದ ಇಡದ ಹಂಗ ಕಳಸ್ಲೇನು?"

"ಒಣಾ ಭಂಡಾರೋ, ಎಣ್ಣಿ ಕಲಸಿದ್ದೋ?"

"ಒಣಾದು ಜಾರಿ ಜಾರಿ ಬೀಳಾಕತ್ತಿತ್ತು. ಕೊಬ್ಬರಿ ಎಣ್ಣಿ ಒಂದ ಹನಿ ಹಾಕಿ ಹಚ್ಚಿದ್ನಿ. ದಂಡಿಗೆ ಅಷ್ಟ, ನಡುವ ಹಚ್ಚಿಲ್ಲ. ಮತ್ತ ಹೆಚ್ಚಾತಂತ ಸೆರಗಿಲೆ ಒರಸೇನಿ."

"ಹೊಳಿಯೂ ಬಾಜೂಕ ಯಾಕ ಹಚ್ಚಿದಿ ಬೇ? ಆ ಕಡೆ ಬಾಜೂಕ ಹಚ್ಚಬೇಕಿಲ್ಲೋ!"

"ಆ ಕಡೆ ಅಕ್ಷರ ಅದಾವಲ್ಲ! ಅಕ್ಷರದ ಮ್ಯಾಲೆ ಎಣ್ಣಿ ಕೈ ಇಡ್ತಾರೇನು? ನನಗ ಓದಾಕ ಬರೂದಿಲ್ಲ ಖರೇ, ಅಷ್ಟೂ ತಿಳಿಯೂದಿಲ್ಲೇನು?"

ತ್ರಿವೇಣಿಯ ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ಕರಗಿಹೋಯಿತು. ಒಂದಕ್ಷರ ಬಾರದ ಹೆಂಗಸು ಅಕ್ಷರಕ್ಕೆ ಹೆದರಿ ಸೀಡಿಯನ್ನು ತಿರುವಿ ಹಿಡಿದದ್ದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಆ ಕಡೆಯ ದನಿ ಸಣ್ಣದಾಯಿತು.

"ಯಾಕವ್ವಾ? ನನ್ನ ಕೈಲೆ ಏನರ ಕೆಟ್ಟತೇನ?"

"ಏನೂ ಕೆಟ್ಟಿಲ್ಲ. ತೊಳದ್ರ ಹೊಕ್ಕತಿ. ನೀ ಚಿಂತಿ ಮಾಡಬ್ಯಾಡ."

"ನೀ ತಿರುಗಿ ಫೋನ್ ಹಚ್ಚೂ ತನಕ ನಾ ಇಲ್ಲೇ ಕುಂದರ್ತೀನಿ."

ಆಮೇಲೆ ಕ್ಲಾಸಿನ ಹಿತ್ತಲಲ್ಲಿ ನಡೆದದ್ದು ಒಂದು ಸಣ್ಣ ಜಾತ್ರೆಯೇ. ದುಂಡಪ್ಪನವರ ಹೆಂಡತಿ ಕಾಂತಾ ಮೇಲಿನಿಂದ ಸೀಗೇಪುಡಿ ತಂದರು. "ಬ್ಯಾಡ್ರಿ ಅಕ್ಕಾರ, ಗೀರು ಬೀಳತಾವ" ಎಂದು ತ್ರಿವೇಣಿ ಕೈ ಅಡ್ಡ ಹಿಡಿದಳು. ಸಾಬೂನು ನೀರು ಬಂತು. ಮೆತ್ತನೆಯ ಅರಿವೆ ಬೇಕೆಂದಾಗ ದುಂಡಪ್ಪನವರ ಹಳೆಯ ಧೋತರವೊಂದು ಹರಿಯಿತು. ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಒತ್ತದೆ, ಸುತ್ತದೆ ತ್ರಿವೇಣಿ ಒರೆಸಿದಳು. ಲಿನಕ್ಸಿನ ಉಳಿದ ಭಾಗವಿದ್ದ ಎರಡನೆಯ ಸೀಡಿಯನ್ನೂ ಪೆಟ್ಟಿಗೆಯಿಂದ ತೆಗೆದು ತಿರುವಿದಳು.

"ಇದಕ್ಕೂ ಐತೇನು?" ಎಂದರು ಗಂಗಾದೇವಿ.

"ಐತ್ರಿ. ನಮ್ಮವ್ವ ಭೇದ ಮಾಡಾಕಿ ಅಲ್ಲ."

ಅಲ್ಲಿಯವರೆಗೆ ತುಟಿ ಬಿಗಿಹಿಡಿದಿದ್ದ ಹೆಡ್‌ಮಿಸ್ಟ್ರೆಸ್ ನಕ್ಕೇಬಿಟ್ಟರು.

ಸೀಡಿ ಟ್ರೇ ಸೇರಿತು, ಸಂಬಂಧ ಕೂಡಿತು. ತ್ರಿವೇಣಿ ಎಂಟರ್ ಒತ್ತಿದಳು. ಕರಕರ ಇಲ್ಲ. ನಾಲ್ಕುನೂರ ಹನ್ನೆರಡು. ನಾಲ್ಕುನೂರ ಹದಿಮೂರು. ಹದಿನಾಲ್ಕು.

"ಅರೇ ವ್ಹಾ! ಹೊಂಟ್ತು, ಹೊಂಟ್ತು!" ಎಂದು ಬಾಳಾಸಾಹೇಬರು ತೊಡೆ ತಟ್ಟಿದರು. ದುಂಡಪ್ಪನವರು ತಾವೇ ಹಾಕಿಕೊಂಡಿದ್ದ ಗಡಿ ಮರೆತು ಮೇಜಿನ ಹತ್ತಿರಕ್ಕೇ ಬಂದು ನಿಂತರು.

ಒಂದು ಗಂಟೆಯ ಹೊತ್ತಿಗೆ ಕಿಟಕಿಯೊಳಗಿನ ಮಷೀನು ತನ್ನಷ್ಟಕ್ಕೆ ಒಮ್ಮೆ ಆರಿ, ಮತ್ತೆ ಹೊತ್ತಿ, ಹೆಸರು ಕೇಳುತ್ತ ನಿಂತಿತು. ತ್ರಿವೇಣಿ ಒಳಹೊಕ್ಕು ನಾಲ್ಕಾರು ಆಜ್ಞೆ ಕೊಟ್ಟು ತೋರಿಸಿದಳು. ಗಂಗಾದೇವಿಯವರು ಒಂದೊಂದೇ ಗುಂಡಿ ಹುಡುಕಿ ತಮ್ಮ ಶಾಲೆಯ ಹೆಸರು ಟೈಪು ಮಾಡಿ, ಕನ್ನಡಕ ತೆಗೆದರು.

"ದುಂಡಪ್ಪನವರ, ನಮ್ಮ ಹುಡುಗ್ಯಾರೂ ಹಿಂಗ ಏನೇನರ ಮಾಡ್ತಾರ. ಸೀಡಿಗೆ ಉಪ್ಪಿನಕಾಯಿ ಕೈ ಹಚ್ಚತಾರ, ನೋಡ್ರಿ ಬೇಕಾದ್ರ. ಈಕಿ ಅವ್ವಗ ಒಂದ ಮಾತು ಬೈಲಿಲ್ಲ, ನಾ ಕೇಳಾಕತ್ತಿದ್ನಿ. ನಿಂತದ್ದನ್ನ ನಿಂತೈತಿ ಅಂತ ಮುಖದ ಮ್ಯಾಲೆ ಹೇಳಿದ್ಲು. ನಮಗ ಟೀಚರ್ ಅಂದ್ರ ಈಕಿನ ಬೇಕು. ಬರೂ ಒಂದನೇ ತಾರೀಖಿಂದ ಈಕಿ ಬರ್ತಾಳ ಅಂದ್ರ ಮಾತು ಮುಂದ, ಇಲ್ಲಾಂದ್ರ ಇಲ್ಲ."

"ನಾನೂ ಮೊದಲಿನಿಂದ ಅದನ್ನ ಹೇಳಾಕತ್ತೇನ್ರಿ!" ಎಂದರು ದುಂಡಪ್ಪನವರು, ಒಂದಿಷ್ಟೂ ನಾಚಿಕೆಯಿಲ್ಲದೆ.

ಬಂದವರು ಊಟಕ್ಕೆ ಮೇಲೆ ಹೋದರು. ತ್ರಿವೇಣಿ ಫೋನು ಹಚ್ಚಿದಳು. ಅದು ಪೂರ್ತಿ ಒಂದು ಸಲ ಬಾರಿಸುವ ಮೊದಲೇ ಆ ಕಡೆ ಎತ್ತಿಕೊಂಡರು. ಎರಡು ತಾಸು ಅವ್ವ ಫೋನಿನ ಮುಂದಿನಿಂದ ಕದಲಿರಲಿಲ್ಲ.

"ಏನಾತವ್ವಾ?"

"ಆತು ಯವ್ವಾ, ಎಲ್ಲಾ ಆತು. ಬರೂ ಒಂದನೇ ತಾರೀಖಿಂದ ನಾ ಖಾನಾಪುರದಾಗ. ಲ್ಯಾಬ್ ನನಗ ಕೊಟ್ರು. ನಾನ ಟೀಚರ್."

ಅವ್ವ ಕುಣಿಯುತ್ತಾಳೆ, ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ ಎಂದುಕೊಂಡಿದ್ದಳು. ಆ ಕಡೆಯಿಂದ ಶಿವಲಿಂಗವ್ವನ ಅಂಗಳದ ಕೋಳಿಗಳ ದನಿ ಮಾತ್ರ ಕೇಳುತ್ತಿತ್ತು.

"ಯವ್ವಾ? ಇದ್ದೀಯೇನ?"

"ಇದ್ದೀನಿ." ರೇಣವ್ವ ಈ ಸಲ ಕೂಗಲಿಲ್ಲ. "ಹಂಗಾರ ತ್ರಿವೇಣಿ, ಮಧ್ಯಾಹ್ನ ಉಣ್ಣಾಕ ಮನಿಗೇ ಬರ್ತೀಯೇನ?"

ತ್ರಿವೇಣಿ ಟೀಚರ್ ಆಗುವುದನ್ನು ಲೆಕ್ಕ ಹಾಕಿದ್ದಳು, ಬಸ್ಸು ತಪ್ಪುವುದನ್ನು ಲೆಕ್ಕ ಹಾಕಿದ್ದಳು. ಇದನ್ನು ಹಾಕಿರಲಿಲ್ಲ. ನಾಲ್ಕು ವರ್ಷದಿಂದ ಅವ್ವ ಮಧ್ಯಾಹ್ನ ಒಬ್ಬಳೇ ಉಣ್ಣುತ್ತಿದ್ದಾಳೆ ಎಂಬುದು ಅವಳಿಗೆ ಆಗಷ್ಟೇ ಹೊಳೆಯಿತು. ಕಣ್ಣು ತುಂಬಿ ಬಂದವು. ಮೂಗೇರಿಸಿಕೊಂಡು, ನಕ್ಕಳು.

"ಬರ್ತೀನಿ ಬೇ. ಸೈಕಲ್ ಮ್ಯಾಲ ಬರ್ತೀನಿ. ದಿನಾ ಬರ್ತೀನಿ."

"ನಿಧಾನ ಬಾ" ಎಂದಳು ರೇಣವ್ವ. "ನೀ ಬಂದ ಮ್ಯಾಲೇ ರೊಟ್ಟಿ ಬಡೀತೀನಿ."