ಎರಡೂವರೆ ಗಂಟೆ

ಈ ದೇಶಕ್ಕೆ ಓದಲು ಬಂದು ಒಂದೂವರೆ ವರ್ಷವಾಗಿದ್ದರೂ ಅವಳ ಕೈಗಡಿಯಾರ ಮನೆಯ ಹೊತ್ತನ್ನೇ ತೋರಿಸುತ್ತಿತ್ತು. ಇಲ್ಲಿಯ ಹೊತ್ತು ಬೇಕೆಂದರೆ ಅದಕ್ಕೆ ಎರಡೂವರೆ ಗಂಟೆ ಕೂಡಿಸಿಕೊಳ್ಳಬೇಕು. ಮಗಳು ಬಟಾಣಿ ಎದ್ದಿರುತ್ತಾಳೆ, ಈಗ ಉಣ್ಣುತ್ತಿರುತ್ತಾಳೆ ಎಂದುಕೊಳ್ಳಲು ಅವಳಿಗೆ ಆ ಗಡಿಯಾರ ಬೇಕಿತ್ತು. ನಾಲ್ಕು ವರ್ಷದ ಮಗುವಿಗೆ ಆ ಅಡ್ಡಹೆಸರಿಟ್ಟವಳೂ ಅವಳೇ. ಅವಳ ಓದೆಲ್ಲ ಕಾಳುಗಳ ಮೇಲೆ.

ಆರು ತಿಂಗಳು ಡಬ್ಬಿಯಲ್ಲಿಟ್ಟ ಕಾಳಿನಲ್ಲಿ ಎಷ್ಟು ತೇವ ಉಳಿದಿದೆ ಎಂದು ಅಳೆಯುವುದೊಂದೇ ಬಾಕಿ. ಕಾಳನ್ನು ತೂಗಿ, ಓವನ್ನಿನಲ್ಲಿ ಸರಿಯಾಗಿ ಹದಿನೇಳು ಗಂಟೆ ಇಟ್ಟು, ತೆಗೆದು ಮತ್ತೆ ತೂಗಬೇಕು. ಹೊತ್ತು ಮೀರಿದರೆ ಆ ತೂಕ ಯಾವುದಕ್ಕೂ ಬಾರದು. ಕೊನೆಯ ಡಬ್ಬಿಯ ಕಾಳನ್ನೆಲ್ಲ ನಿನ್ನೆ ಸಂಜೆ ನಾಲ್ಕಕ್ಕೆ ಇಟ್ಟಿದ್ದಳು. ಈ ಬೆಳಿಗ್ಗೆ ಇಲ್ಲಿಯ ಒಂಬತ್ತಕ್ಕೆ ತೆಗೆದರೆ ಮುಗಿಯಿತು, ಊರಿಗೆ ಹೊರಡಬಹುದು. ಮುಂದಿನ ತಿಂಗಳು ಬಟಾಣಿಯನ್ನು ಮೊದಲ ದಿನ ಶಾಲೆಗೆ ತಾನೇ ಬಿಟ್ಟುಬರುತ್ತೇನೆಂದು ಕೊಟ್ಟ ಮಾತು ಉಳಿಯುತ್ತದೆ.

ಓವನ್ನಿರುವ ನೆಲಮಾಳಿಗೆಯ ಮೆಟ್ಟಿಲಲ್ಲಿರುವಾಗ ಅತ್ತೆಯ ಫೋನ್ ಬಂತು.

"ಮೈ ಕೆಂಡ ಆಗಿದೆ ಕಣಮ್ಮ. ರಾತ್ರಿಯೆಲ್ಲ ಅಮ್ಮ ಅಮ್ಮ ಅಂತ ಒಂದೇ ಜಪ."

"ಔಷಧಿ ಹಾಕಿದ್ರಾ ಅತ್ತೆ?"

"ಈಗ ಹಾಕ್ದೆ, ಆರೂವರೆಗೆ."

"ಹಾಗಾದ್ರೆ ಮುಂದಿನದು ಹನ್ನೆರಡೂವರೆಗೆ. ಮರೀಬೇಡಿ."

"ನಿನ್ನ ಗಂಡನ್ನ ಸಾಕಿದವಳು ನಾನು. ಅವನಿಗಿಂತ ಇವಳು ಎಷ್ಟೋ ವಾಸಿ, ಮುಖಕ್ಕೆ ಉಗುಳಲ್ಲ."

ಫೋನಿಟ್ಟು ಗಡಿಯಾರ ನೋಡಿದಳು. ಆರೂವರೆ. ಒಂಬತ್ತಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ದಿನಾ ಕೂಡಿಸುತ್ತಿದ್ದ ಎರಡೂವರೆಯನ್ನು ಅಂದು ಕೂಡಿಸಲಿಲ್ಲ. ಮನಸ್ಸಿನಲ್ಲಿ ಅವಳು ಮಗುವಿನ ಹಾಸಿಗೆಯ ಪಕ್ಕದಲ್ಲಿದ್ದಳು. ಅಲ್ಲಿ ಆಗ ಆರೂವರೆಯೇ.

ಗಡಿಯಾರದಲ್ಲಿ ಒಂಬತ್ತಾದಾಗ ಒಳಗೆ ಹೋದಳು. ಓವನ್ನುಗಳನ್ನು ನೋಡಿಕೊಳ್ಳುವ ಮುದುಕ, ಎಲ್ಲರೂ ಓವನ್ ತಾತ ಎನ್ನುವವನು, ಊಟದ ಡಬ್ಬಿ ಬಿಚ್ಚಿದ್ದ.

"ಬೆಳ್ಳಂಬೆಳಿಗ್ಗೆ ಊಟನಾ ತಾತ?"

"ಹನ್ನೊಂದೂವರೆ ನಿನಗೆ ಬೆಳ್ಳಂಬೆಳಿಗ್ಗೆನಾ ಮಗಳೇ?"

ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಕೈಯದು. ಮತ್ತೆ ಗೋಡೆಯದು. ಒಬ್ಬರಿಟ್ಟದ್ದನ್ನು ಇನ್ನೊಬ್ಬರು ಮುಟ್ಟಬಾರದೆಂಬುದು ಅಲ್ಲಿಯ ನಿಯಮ. ಅವಳ ಕಾಳು ಒಳಗೇ ಇತ್ತು. ಕೈಗವಸು ಹಾಕಿಕೊಂಡು ತೆಗೆದಳು. ತೂಗಿದಳು. ಯಾರದೋ ಮನೆಯ ಪಾತ್ರೆ ತೊಳೆದಿಡುವ ಹಾಗೆ ಎಲ್ಲ ಮಾಡಿ ಮುಗಿಸಿದಳು.

ತಾತನಿಗೆ ಅರ್ಥವಾಯಿತು. ಇಟ್ಟ ಹೊತ್ತು, ತೆಗೆದ ಹೊತ್ತು ಬರೆದಿಡುವ ಪುಸ್ತಕವನ್ನು ಅವಳತ್ತ ಸರಿಸಿದ.

"ಒಂಬತ್ತು ಅಂತ ಬರೆದುಬಿಡು. ನಾನು ಉಣ್ತಾ ಇದೀನಿ, ಉಣ್ಣುವಾಗ ನನಗೆ ಕಣ್ಣು ಕಾಣಿಸಲ್ಲ."

ಪೆನ್ನು ಹಿಡಿದು ಹಿಂದಿನ ಪುಟಗಳನ್ನು ತಿರುವಿದಳು. ಆ ಪುಸ್ತಕದಲ್ಲಿ ಅವಳ ಕೈಬರಹದ ಸಾಲುಗಳು ಪುಟಗಟ್ಟಲೆ ಇದ್ದವು, ಒಂದೂ ಸುಳ್ಳಲ್ಲ. ಹನ್ನೊಂದೂವರೆ ಎಂದು ಬರೆದಳು.

"ಮತ್ತೆ ಆರು ತಿಂಗಳು ಕಾಯ್ತೀಯಾ?"

"ಕಾಳು ಕಾಯಬೇಕಲ್ಲ ತಾತ."

ಮನೆಯ ಹೊತ್ತು ಹನ್ನೆರಡೂವರೆಗೆ ಫೋನ್ ಮಾಡಿದಳು. ಜ್ವರ ಇಳಿದಿತ್ತು. ಮಗಳಿಗೆ ತಾನೇ ಹೇಳಬೇಕೆಂದು ಫೋನನ್ನು ಅವಳ ಕೈಗೆ ಕೊಡಿಸಿದಳು.

"ಶಾಲೆ ಶುರುವಾಗೋ ದಿನ ಅಮ್ಮನಿಗೆ ಬರೋಕಾಗಲ್ಲ ಕಂದ."

"ಸರಿ. ಅಜ್ಜಿ ಬಿಟ್ಟು ಬರ್ತಾರೆ."

ಅತ್ತೆ ಫೋನ್ ತೆಗೆದುಕೊಂಡರು. "ನೋಡು, ಒಂದು ಹನಿ ಕಣ್ಣೀರಿಲ್ಲ. ಎಂಥ ಜಾಣೆ."

"ಹೌದು ಅತ್ತೆ."

ಮಗು ಹಟ ಹಿಡಿಯಬಹುದೆಂದು ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಚೆಯಿಂದ ಲೋಟ ಇಟ್ಟ ಸದ್ದು ಕೇಳಿಸಿತು, ಅಷ್ಟೇ.

"ಮುಂದಿನದು ಆರೂವರೆಗೆ, ಅತ್ತೆ," ಎಂದಳು.

ಆಮೇಲೆ ಕೆಳಗಿಳಿದು, ಖಾಲಿ ಡಬ್ಬಿಯನ್ನು ಒರೆಸಿ, ಹೊಸ ಕಾಳು ತುಂಬಿ, ಮುಚ್ಚಳದ ಮೇಲೆ ಆ ದಿನದ ತಾರೀಖು ಬರೆದಳು.